ಅಜ್ಜನ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಮನೆ ಮಾಡಬಹುದೇ?

ಪ್ರಶ್ನೆ: ದಾವಣಗೆರೆಯ ಹಳೆಯ ಪಿ.ಬಿ. ರಸ್ತೆಯ ಹತ್ತಿರ ನಮ್ಮ ಅಜ್ಜ ಕಟ್ಟಿಸಿದ ಹತ್ತಿ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಫ್ಯಾಕ್ಟರಿ ಇದೆ, ಅಂದರೆ ಹತ್ತಿಯಿಂದ ಕಾಳು ಬಿಡಿಸಿ ಅರಳೆಯನ್ನು ಬೇಲುಗಳಾಗಿ ಒತ್ತಿ ಕಟ್ಟುತ್ತಿದ್ದ ಜಾಗ. ಒಂದೂವರೆ ಎಕರೆ ಜಾಗ. ರಸ್ತೆಗೆ ಮುಖ ಮಾಡಿ ಸಾಲಾಗಿ ಆರು ಗೋದಾಮುಗಳಿವೆ. ನಡುವೆ 70 ಅಡಿ ಅಗಲ, 140 ಅಡಿ ಉದ್ದದ ಜಿನ್ನಿಂಗ್ ಹಾಲು. ಅದರ ಮಾಡು ಗರಗಸದ ಹಲ್ಲಿನಂತಿದ್ದು, ಉತ್ತರಕ್ಕೆ ಗಾಜು ಹಾಕಿದ್ದಾರೆ. ಪಕ್ಕದಲ್ಲಿ ಎರಡು ಅಂತಸ್ತಿನ ಪ್ರೆಸ್ ಮನೆ. ಹಿಂದೆ ಹತ್ತಿಕಾಳು ತುಂಬುತ್ತಿದ್ದ ಎರಡು ಉದ್ದನೆಯ ಗೋದಾಮುಗಳು, 22 ಅಡಿ ಅಗಲ. ಒಂದು ಬಾವಿ, ಒಂದು ದೊಡ್ಡ ನೀರಿನ ತೊಟ್ಟಿಯೂ ಇವೆ. ಇಪ್ಪತ್ತು ವರ್ಷದಿಂದ ಬೀಗ ಹಾಕಿದೆ. ದೊಡ್ಡಪ್ಪನ ಮಕ್ಕಳು ಎಲ್ಲವನ್ನೂ ಕೆಡವಿ ಅಪಾರ್ಟ್‌ಮೆಂಟ್ ಕಟ್ಟೋಣ ಎನ್ನುತ್ತಾರೆ. ನನಗೆ ಕೆಡವಲು ಮನಸ್ಸಿಲ್ಲ. ಮನೆ, ಕಚೇರಿ, ಅಂಗಡಿ ಮೂರನ್ನೂ ಇದರಲ್ಲೇ ಮಾಡಲು ಸಾಧ್ಯವೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಸಾಧ್ಯವಿದೆ. ಆದರೆ ನೀವು ಕಳುಹಿಸಿದ ಕೈನಕ್ಷೆಯಲ್ಲಿ ಮನೆಗಳನ್ನು ಬರೆದಿರುವುದು ಜಿನ್ನಿಂಗ್ ಹಾಲಿನೊಳಗೆ. ಅಲ್ಲಿ ಮಾತ್ರ ಮನೆ ಬೇಡ.

ನಮ್ಮ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಿದ್ದಿದ್ದರಿಂದಲೋ ಏನೋ, ಹಳೆಯ ಮಿಲ್ಲಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಫೋಟೊ ತೋರಿಸುತ್ತಾರೆ. ಅಲ್ಲಿ ಆ್ಯಂಕೋಟ್ಸ್ ಎಂಬ ಬಡಾವಣೆಯಿದೆ. 1798ರಲ್ಲಿ ಕೆಲಸ ಶುರುವಾದ ಮರ‍್ರೇಸ್ ಮಿಲ್ಸ್ ಎಂಬ ನೂಲಿನ ಗಿರಣಿಯಲ್ಲಿ ಇವತ್ತು ಜನ ಸಂಸಾರ ಮಾಡುತ್ತಿದ್ದಾರೆ. ಅದು ನಿಜ. ಆದರೆ ಆ ಗಿರಣಿಗಳ ಆಕಾರ ಗಮನಿಸಿ. ಮಹಡಿಯ ಮೇಲೆ ಮಹಡಿ, ಕಿರಿದಾದ ಮೈ, ಎರಡೂ ಬದಿಗೆ ಸಾಲು ಕಿಟಕಿ. ವಿದ್ಯುತ್ ದೀಪವಿಲ್ಲದ ಕಾಲದಲ್ಲಿ ಹತ್ತಿಯ ನಡುವೆ ಬೆಂಕಿಯ ದೀಪ ಹಚ್ಚಿಡುವುದು ಅಪಾಯವಾಗಿತ್ತು, ಆದಷ್ಟೂ ಹಗಲಿನ ಬೆಳಕನ್ನೇ ನೆಚ್ಚಬೇಕಿತ್ತು. ಹಾಗಾಗಿ ಕಟ್ಟಡವನ್ನು ಅಗಲಿಸದೆ ಎತ್ತರಿಸಿದರು. ಇನ್ನೂರು ವರ್ಷದ ಮೇಲೆ ಅದೇ ಕಿಟಕಿಗಳು ಮನೆಯ ಕಿಟಕಿಗಳಾದವು. ನಮ್ಮ ಜಿನ್ನಿಂಗ್ ಹಾಲುಗಳು ಇದಕ್ಕೆ ತಿರುಗಾಮುರುಗಾ. ಒಂದೇ ಅಂತಸ್ತು, ವಿಶಾಲ ಮೈ, ಗೋಡೆಯಲ್ಲಿ ಕಿಟಕಿ ಕಡಿಮೆ, ಬೆಳಕೆಲ್ಲ ಮಾಡಿನಿಂದ. ಮ್ಯಾಂಚೆಸ್ಟರಿನ ಹೆಸರು ನಮಗೆ ಒಪ್ಪಬಹುದು, ಅಲ್ಲಿನ ನಕ್ಷೆ ಒಪ್ಪುವುದಿಲ್ಲ.

ಲೆಕ್ಕ ಸರಳ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರವಿದೆಯೋ ಅದರ ಎರಡು, ಹೆಚ್ಚೆಂದರೆ ಎರಡೂವರೆ ಪಟ್ಟು ದೂರದವರೆಗೆ ಉಪಯೋಗಕ್ಕೆ ಬರುವ ಬೆಳಕು ಒಳಗೆ ಬರುತ್ತದೆ. ಹತ್ತು ಅಡಿ ಎತ್ತರದ ಕಿಟಕಿಯಿಂದ ಇಪ್ಪತ್ತು, ಇಪ್ಪತ್ತೈದು ಅಡಿ. ನಿಮ್ಮ ಹಾಲು 70 ಅಡಿ ಅಗಲವಿದೆ. ಅದನ್ನು ಗೋಡೆ ಎಬ್ಬಿಸಿ ಮನೆಗಳಾಗಿ ಹಂಚಿದರೆ ನಡುವಿನ ಕೋಣೆಗಳಿಗೆ ಹೊರಗೋಡೆಯೇ ಇರುವುದಿಲ್ಲ. ಮೇಲಿನ ಗಾಜಿನಿಂದ ಬೆಳಕು ಬರುತ್ತದಲ್ಲ ಎನ್ನುತ್ತೀರಿ. ಬರುತ್ತದೆ, ಗಾಳಿ ಬರುವುದಿಲ್ಲ. ಪಕ್ಕದ ಮನೆಯ ಒಗ್ಗರಣೆಯ ವಾಸನೆ ಮತ್ತು ಜಗಳ ಎರಡೂ ಅದೇ ಮಾಡಿನ ಕೆಳಗೆ ಸುತ್ತುತ್ತವೆ. ದಾವಣಗೆರೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಕಿಟಕಿಯಿಲ್ಲದ ಮಲಗುವ ಕೋಣೆ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಅದೇ ಹಾಲು ಕಚೇರಿಗೆ ಹೇಳಿಮಾಡಿಸಿದ ಜಾಗ. ಇಪ್ಪತ್ತು ಜನ ಒಂದೇ ಸೂರಿನಡಿ ಕುಳಿತು ಕೆಲಸ ಮಾಡಲು, ಬಟ್ಟೆಯ ದೊಡ್ಡ ಮಳಿಗೆ ಇಡಲು, ತರಬೇತಿ ಕೇಂದ್ರ ನಡೆಸಲು ಇಂಥ ತೆರವು ಜಾಗವನ್ನು ಇವತ್ತು ಹೊಸದಾಗಿ ಕಟ್ಟಿಸುವುದು ದುಬಾರಿ. ಜಗತ್ತಿನಲ್ಲಿ ಹೆಸರಾದ ಪರಿವರ್ತನೆಗಳನ್ನೇ ನೋಡಿ. ಲಂಡನ್ನಿನ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರ 2000ದಲ್ಲಿ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯವಾಯಿತು; ಟರ್ಬೈನು ಇದ್ದ ಹಾಲನ್ನು ಕೋಣೆಗಳಾಗಿ ಒಡೆಯದೆ ಇಡಿಯಾಗಿ ಬಿಟ್ಟರು. ಕೊಚ್ಚಿಯ ಆಸ್ಪಿನ್‌ವಾಲ್ ಕಂಪನಿಯ ಹಳೆಯ ಗೋದಾಮುಗಳಲ್ಲಿ 2012ರಿಂದ ಬಿನಾಲೆ ಕಲಾಪ್ರದರ್ಶನ ನಡೆದಿದೆ. ಅಲ್ಲಿಯೂ ದೊಡ್ಡ ಜಾಗಗಳು ದೊಡ್ಡವಾಗಿಯೇ ಉಳಿದವು.

ಹಾಗಾದರೆ ಮನೆಗಳು ಎಲ್ಲಿ? ಹತ್ತಿಕಾಳಿನ ಗೋದಾಮುಗಳಲ್ಲಿ. 22 ಅಡಿ ಅಗಲ ಎಂದರೆ ಎರಡೂ ಬದಿಗೆ ಕಿಟಕಿ ಇಟ್ಟರೆ ಕತ್ತಲ ಮೂಲೆಯೇ ಉಳಿಯುವುದಿಲ್ಲ. ಈಗ ಅಲ್ಲಿ ಸೂರಿನಡಿ ಸಣ್ಣ ಗವಾಕ್ಷಿಗಳಷ್ಟೇ ಇವೆ, ಹೊಸ ಕಿಟಕಿ ಕೊರೆಯಬೇಕಾಗುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯು ಒಣ ಬಿಸಿಲಿನ ಹವೆಯಲ್ಲಿ ಕೋಣೆಯ ನೆಲದ ಹತ್ತನೇ ಒಂದು ಭಾಗದಷ್ಟಾದರೂ ಕಿಟಕಿ ಇರಲಿ ಎನ್ನುತ್ತದೆ. ನಾನು ಆರನೇ ಒಂದು ಭಾಗ ಇಡಿಸುತ್ತೇನೆ. ಭಾರ ಹೊತ್ತ ಗೋಡೆಯಲ್ಲಿ ಒಮ್ಮೆಗೆ ಒಂದೇ ಕಿಟಕಿ ಕೊರೆಯಿರಿ. ಮೊದಲು ಮೇಲೆ ಲಿಂಟಲ್ (ಗೋಡೆಯ ಭಾರ ಹೊರುವ ಅಡ್ಡತೊಲೆ) ಕೂರಿಸಿ, ಅದು ಗಟ್ಟಿಯಾದ ಮೇಲೆ ಕೆಳಗೆ ಒಡೆಯಿರಿ. ಎರಡು ಕಿಟಕಿಗಳ ನಡುವೆ ಮೂರು ಅಡಿ ಗೋಡೆಯನ್ನಾದರೂ ಬಿಡಿ. ಎತ್ತರ ಹದಿನೈದು ಅಡಿ ಇರುವುದರಿಂದ ಒಂದು ಅಟ್ಟವೂ ಸಿಗುತ್ತದೆ. ಅಟ್ಟದ ವಿಸ್ತಾರ ಕಟ್ಟಡದ ತಳದ ಮೂರನೇ ಒಂದು ಭಾಗ ಮೀರಬಾರದು ಎಂಬ ನಿಯಮವಿದೆ, ಅದು ಒಳ್ಳೆಯ ನಿಯಮವೇ. ಪೂರ್ತಿ ಅಟ್ಟ ಹಾಕಿದವರ ಮನೆಗಳಲ್ಲಿ ಮೇಲೆಯೂ ತಲೆ ತಾಗುತ್ತದೆ, ಕೆಳಗೂ ತಾಗುತ್ತದೆ. ಅಟ್ಟದ ಭಾರವನ್ನು ಹಳೆಯ ಗೋಡೆಯ ಮೇಲೆ ಹೊರಿಸಬೇಡಿ, ಅದಕ್ಕೆ ತನ್ನದೇ ಉಕ್ಕಿನ ಕಂಬ, ತನ್ನದೇ ಪಾಯ ಇರಲಿ.

ರಸ್ತೆ ಕಡೆಯ ಆರು ಗೋದಾಮುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ಹುಟ್ಟಿದ್ದೇ ಅಂಗಡಿಗಳಾಗಿ. ಬಾಗಿಲು ಅಗಲವಿದೆ, ನೆಲ ಗಟ್ಟಿಯಿದೆ, ಮುಂದೆ ಜಗುಲಿಯಿದೆ. ಹತ್ತಿ ಹರಡಲು ಬಿಟ್ಟಿದ್ದ ಅಂಗಳ ಈಗ ವಾಹನ ನಿಲುಗಡೆಗೆ ಸಿಗುತ್ತದೆ. ಮಂಡಿಪೇಟೆಯಲ್ಲಿ ಬೈಕು ನಿಲ್ಲಿಸಲು ಜಾಗ ಹುಡುಕಿ ಸೋತ ಯಾವ ವ್ಯಾಪಾರಿಗೂ ಅದರ ಬೆಲೆ ಗೊತ್ತು.

ಇನ್ನು ಜಿನ್ನಿಂಗ್ ಹಾಲಿನ ಮಾಡು. ಉತ್ತರಕ್ಕೆ ಗಾಜು ಇಡುವ ಪದ್ಧತಿ ಇಂಗ್ಲೆಂಡಿನಲ್ಲಿ ಬೆಳೆದದ್ದು. ಅಲ್ಲಿ ನಡು ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ, ಉತ್ತರದ ಗಾಜಿನಿಂದ ಬರುವುದು ತಂಪಾದ, ನೆರಳಿಲ್ಲದ ಬೆಳಕು. ದಾವಣಗೆರೆ ಇರುವುದು ಹದಿನಾಲ್ಕೂವರೆ ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಆ ದಿನಗಳಲ್ಲಿ ಹುಟ್ಟುವುದೂ ಮುಳುಗುವುದೂ ಉತ್ತರಕ್ಕೆ ವಾಲಿಕೊಂಡೇ. ಅಂದರೆ ಉತ್ತರದ ಗಾಜಿನ ಮೇಲೆ ಬೆಳಗ್ಗೆ ಮತ್ತು ಸಂಜೆ ನೇರ ಬಿಸಿಲು ಬೀಳುತ್ತದೆ. ಹತ್ತಿ ಬಿಡಿಸುವ ಯಂತ್ರಕ್ಕೆ ಅದರಿಂದ ಏನೂ ಆಗಲಿಲ್ಲ. ಕಂಪ್ಯೂಟರ್ ಪರದೆಯ ಮುಂದೆ ಕುಳಿತವರಿಗೆ ಆಗುತ್ತದೆ. ಪರಿಹಾರ ದೊಡ್ಡದಲ್ಲ. ಗಾಜಿನ ಮೇಲೆ ಒಂದೂವರೆ ಅಡಿ ಚಾಚಿದ ತಗಡಿನ ಛಜ್ಜ, ಎರಡು ಪಕ್ಕಗಳಿಗೆ ನಿಂತ ಹಲಗೆಗಳು. ಮೇಲ್ತುದಿಯ ಒಂದು ಸಾಲು ಗಾಜನ್ನು ತೆರೆಯುವಂತೆ ಮಾಡಿ, ಬಿಸಿಗಾಳಿ ತಾನೇ ಹೊರಗೆ ಹೋಗುತ್ತದೆ.

ತುಕ್ಕು ಹಿಡಿದ ತಗಡನ್ನು ತೆಗೆದು ಮಂಗಳೂರು ಹೆಂಚು ಹೊದಿಸುವ ಆಸೆಯನ್ನೂ ಬರೆದಿದ್ದೀರಿ. ನೋಡಲು ಚೆಂದ. ಆದರೆ ರೀಪು ಸಮೇತ ಹೆಂಚಿನ ಭಾರ ಚದರ ಮೀಟರಿಗೆ ಸುಮಾರು 65 ಕಿಲೊ, ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ತಗಡಿನದು ಅದರಲ್ಲಿ ಸಣ್ಣ ಪಾಲು. ತಗಡಿಗೆಂದು ಕೂರಿಸಿದ ಕತ್ತರಿಗಳ (ಮಾಡನ್ನು ಹೊರುವ ತ್ರಿಕೋನದ ಚೌಕಟ್ಟುಗಳ) ಮೇಲೆ ಹೆಂಚು ಹೇರಿದರೆ ಅವು ಬಾಗುತ್ತವೆ. ಹೊಸ ತಗಡು ಹಾಕಿ, ಕೆಳಗೆ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ವಸ್ತು) ಪದರ ಕೊಡಿ. ಬಿಸಿಲಿಗೂ ಮಳೆಯ ಸದ್ದಿಗೂ ಅದು ಸಾಕು. ಯಾವುದಾದರೂ ಭಾಗದಲ್ಲಿ ಸಿಮೆಂಟ್ ಶೀಟು ಇದ್ದರೆ ಅದು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಅದನ್ನು ಒಡೆಯಬೇಡಿ, ಗರಗಸ ಹಾಕಬೇಡಿ. ನೀರು ಹಾಕಿ ತೋಯಿಸಿ, ಮುಖಗವಸು ಹಾಕಿಕೊಂಡು, ಇಡೀ ಶೀಟನ್ನೇ ಬಿಚ್ಚಿ ಇಳಿಸಬೇಕು. ಕೆಲಸಗಾರರು ನಗುತ್ತಾರೆ, ನಗಲಿ ಬಿಡಿ.

ಕತ್ತರಿಯ ಮಾತು ಬಂತು. ಚಿತ್ರದುರ್ಗ ಜಿಲ್ಲೆಯ ಒಂದು ಹಳೆಯ ಗೋದಾಮಿನಲ್ಲಿ ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಅಟ್ಟ ಹಾಕುವಾಗ ತಲೆಗೆ ಅಡ್ಡ ಬರುತ್ತದೆ ಎಂದು ಬಡಗಿ ಎರಡು ಕತ್ತರಿಗಳ ಕೆಳತೊಲೆಯನ್ನು ಕತ್ತರಿಸಿಬಿಟ್ಟಿದ್ದ. ಮೊದಲ ವಾರ ಏನೂ ಆಗಲಿಲ್ಲ. ನಾನು ಹೋದಾಗ ಗೋಡೆಯ ಮೇಲ್ತುದಿಯಿಂದ ತೂಗುಗುಂಡು ಇಳಿಬಿಟ್ಟೆ. ಕೆಳಗೆ ಗುಂಡಿಗೂ ಗೋಡೆಯ ಬುಡಕ್ಕೂ ನಡುವೆ ನನ್ನ ನಾಲ್ಕು ಬೆರಳು ಹಿಡಿಸಿದವು. ಆ ಕೆಳತೊಲೆಯ ಕೆಲಸವೇ ಗೋಡೆಗಳು ಹೊರಕ್ಕೆ ಜಾರದಂತೆ ಎರಡು ಕೈಯಿಂದ ಹಿಡಿದುಕೊಳ್ಳುವುದು. ಆಮೇಲೆ ಉಕ್ಕಿನ ಸರಳು ಹಾಕಿ ಬಿಗಿದು ಗೋಡೆ ಉಳಿಸಿದೆವು, ಆದರೆ ಆ ಖರ್ಚಿನಲ್ಲಿ ಅಟ್ಟವೇ ಎರಡು ಸಲ ಹಾಕಬಹುದಿತ್ತು. ನಿಮ್ಮ ಕಟ್ಟಡದಲ್ಲಿ ಮರದ ಕತ್ತರಿಯ ತುದಿ ಗೋಡೆಯೊಳಗೆ ಹೊಕ್ಕಿರುವ ಜಾಗವನ್ನು ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ನೋಡಿಸಿ. ಸಾಗುವಾನಿ ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಕೊಳೆಯುವುದು ಗೋಡೆಯೊಳಗಿನ ಆ ಒಂದಡಿ. ಟೊಳ್ಳು ಸದ್ದು ಬಂದರೆ ಕೊರೆದು ನೋಡಬೇಕು.

ಗೋಡೆ ಯಾವ ಗಾರೆಯದು ಎಂದು ತಿಳಿಯಲು ಬೀಗದ ಕೈಯಿಂದ ಸಂದು ಕೆರೆಯಿರಿ. ಪುಡಿಯಾಗಿ ಉದುರಿದರೆ ಸುಣ್ಣದ ಗಾರೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿಯುವುದೇ ಈ ಊರಿನಲ್ಲಿ ಹಳೆಯ ಕಟ್ಟಡಗಳಿಗೆ ಮಾಡುವ ದೊಡ್ಡ ಅನ್ಯಾಯ. ಸುಣ್ಣದ ಗೋಡೆ ನೆಲದ ತೇವವನ್ನು ಹೀರಿ ಹೊರಗೆ ಬಿಡುತ್ತಿರುತ್ತದೆ. ಸಿಮೆಂಟ್ ಹೊದಿಸಿದರೆ ತೇವ ಒಳಗೇ ನಿಂತು, ಉಪ್ಪು ಒಡೆದು, ಮೂರನೇ ಮಳೆಗಾಲಕ್ಕೆ ಬಣ್ಣವೆಲ್ಲ ಹಪ್ಪಳವಾಗಿ ಏಳುತ್ತದೆ. ಸುಣ್ಣದ ಗಾರೆಯನ್ನೇ ಮಾಡಿಸಿ, ಮೇಲೆ ಸುಣ್ಣ ಹೊಡೆಸಿ. ಗಾರೆ ಕೆಲಸ ಬಲ್ಲ ಹಿರಿಯ ಮೇಸ್ತ್ರಿಗಳು ಹಳ್ಳಿಗಳ ಗುಡಿ ಕೆಲಸದಲ್ಲಿ ಇನ್ನೂ ಸಿಗುತ್ತಾರೆ. ಅವರು ಅವಸರ ಮಾಡುವುದಿಲ್ಲ, ನೀವೂ ಮಾಡಿಸಬೇಡಿ. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಗಟ್ಟಿಯಾಗುವ ವಸ್ತು.

ಈಗ ಬೆಂಕಿ. ನಿಮ್ಮ ಹಾಲಿನ ಕತ್ತರಿಗಳ ಮೇಲೆ, ತಗಡಿನ ಸಂದಿಗಳಲ್ಲಿ, ಸ್ವಿಚ್‌ಬೋರ್ಡಿನ ಹಿಂದೆ ವರ್ಷಗಟ್ಟಲೆ ಹಾರಿ ಕುಳಿತ ಅರಳೆಯ ಬೂದುಬಣ್ಣದ ಪದರವಿದೆ. ಕೈಯಿಂದ ಎತ್ತಿದರೆ ಕಂಬಳಿಯಂತೆ ಬರುತ್ತದೆ. ಅದಕ್ಕೆ ವೆಲ್ಡಿಂಗಿನ ಒಂದು ಕಿಡಿ ಸಾಕು. ಮೊದಲ ವೆಲ್ಡರ್ ಒಳಗೆ ಕಾಲಿಡುವ ಮುನ್ನ ಆ ಪದರವನ್ನೆಲ್ಲ ಯಂತ್ರದಿಂದ ಹೀರಿಸಿ ತೆಗೆಸಿ, ಗುಡಿಸಬೇಡಿ, ಗುಡಿಸಿದರೆ ಹಾರಿ ಬೇರೆ ಕಡೆ ಕೂರುತ್ತದೆ. ಜಿನ್ನಿಂಗ್ ಫ್ಯಾಕ್ಟರಿಗಳಲ್ಲಿ ಅಷ್ಟು ದೊಡ್ಡ ನೀರಿನ ತೊಟ್ಟಿ ಕಟ್ಟುತ್ತಿದ್ದದ್ದು ಚೆಂದಕ್ಕಲ್ಲ. ತೊಟ್ಟಿಯನ್ನು ಮುಚ್ಚಿ ಉದ್ಯಾನ ಮಾಡುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ದುರಸ್ತಿ ಮಾಡಿ ಅಗ್ನಿಶಾಮಕ ಪಂಪು ಜೋಡಿಸಿ. ಹಾಲಿಗೆ ಹತ್ತಿ ಒಳಬರಲು ಒಂದು ಬಾಗಿಲು, ಅರಳೆ ಹೊರಹೋಗಲು ಇನ್ನೊಂದು ಬಾಗಿಲು ಇರುವುದು ನಿಮ್ಮ ಪುಣ್ಯ. ಎರಡನ್ನೂ ಹಾಗೆಯೇ ಉಳಿಸಿ, ಯಾವುದಕ್ಕೂ ಗೋದಾಮಿನ ಸಾಮಾನು ಒತ್ತಿ ಇಡಲು ಬಿಡಬೇಡಿ. ಮುಂಬೈಯ ಕಮಲಾ ಮಿಲ್ಸ್ ಆವರಣ ಹಳೆಯ ಗಿರಣಿಯನ್ನು ಕಚೇರಿ, ಹೋಟೆಲುಗಳಾಗಿಸಿದ ಜಾಗ. 2017ರ ಡಿಸೆಂಬರ್ 29ರಂದು ಅಲ್ಲಿ ಛಾವಣಿಯ ಮೇಲಿನ ಹೋಟೆಲುಗಳಿಗೆ ಬೆಂಕಿ ಬಿದ್ದು 14 ಮಂದಿ ಸತ್ತರು. ಹೊರದಾರಿ ಸಿಗದೆ ಶೌಚಾಲಯ ಹೊಕ್ಕವರು ಅವರಲ್ಲಿ ಹಲವರು. ನಿಮ್ಮ ಬಾಡಿಗೆದಾರ ಮಾಡಿನ ಮೇಲೆ ಬಿದಿರು, ಬಟ್ಟೆಯ ಚಪ್ಪರ ಹಾಕಿ ಬೆಣ್ಣೆದೋಸೆ ಹೋಟೆಲು ನಡೆಸುತ್ತೇನೆ ಎಂದರೆ, ದೋಸೆ ಎಷ್ಟೇ ಚೆನ್ನಾಗಿರಲಿ, ಒಪ್ಪಬೇಡಿ.

ನಿಮ್ಮದು ಎಣ್ಣೆ ಮಿಲ್ಲು ಅಲ್ಲದಿರುವುದು ಇನ್ನೊಂದು ಅದೃಷ್ಟ. ಚಳ್ಳಕೆರೆಯ ಕಡೆಯ ಓದುಗರಿಗಾಗಿ ಇಷ್ಟು ಹೇಳಿಬಿಡುತ್ತೇನೆ: ಶೇಂಗಾ ಎಣ್ಣೆ ಕುಡಿದ ನೆಲ ಬೇಸಿಗೆಯಲ್ಲಿ ಬೆವರುತ್ತದೆ. ಅದರ ಮೇಲೆ ಅಂಟಿಸಿದ ಟೈಲ್ಸ್ ಒಂದು ವರ್ಷದಲ್ಲಿ ಕಿತ್ತು ಬರುತ್ತವೆ. ಹಳೆಯ ಗಚ್ಚನ್ನು ಪೂರ್ತಿ ಅಗೆದು ತೆಗೆಯಬೇಕು. ಚಿತ್ರದುರ್ಗದ ಕೋಟೆಯ ಹತ್ತಿರ ಗೋದಾಮು ಇದ್ದವರು ಮೊದಲು ಅಳತೆ ಹಿಡಿಯಲಿ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣಕ್ಕೆ ನಿಷೇಧವಿದೆ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಪೂರ್ವಾನುಮತಿ ಬೇಕು. ಹಳೆಯ ಕಟ್ಟಡದ ದುರಸ್ತಿಗೂ ಅನುಮತಿ ಬೇಕು.

ಕಾಗದಪತ್ರದ ವಿಷಯವನ್ನು ನೀವು ಕೇಳಿಲ್ಲ. ಎಲ್ಲರೂ ಬಿಡುವುದು ಅದನ್ನೇ. ಖಾತೆ ಅಜ್ಜನ ಹೆಸರಿನಲ್ಲಿದೆಯೋ ಅಥವಾ ಫ್ಯಾಕ್ಟರಿಯ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿದೆಯೋ ಮೊದಲು ನೋಡಿ. ಸಂಸ್ಥೆಯ ಹೆಸರಿನಲ್ಲಿದ್ದರೆ ಅದು ಮನೆಯ ಆಸ್ತಿಯಂತೆ ತಾನಾಗಿ ಮೊಮ್ಮಕ್ಕಳಿಗೆ ಬರುವುದಿಲ್ಲ. ಅಜ್ಜನ ಜೊತೆ ಪಾಲುದಾರರಾಗಿದ್ದ ಇತರರ ವಾರಸುದಾರರೂ ಲೆಕ್ಕಕ್ಕೆ ಬರುತ್ತಾರೆ. ಬ್ಯಾಂಕಿನ ಹಳೆಯ ಅಡಮಾನ ತೀರಿದೆಯೇ ಎಂದು ಋಣಭಾರ ಪತ್ರ ತೆಗೆಸಿ. ಆಮೇಲೆ ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಕಚೇರಿಗೆ ಹೋಗಿ ಮಹಾಯೋಜನೆಯಲ್ಲಿ, ಅಂದರೆ ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಬಣ್ಣದಲ್ಲಿ ತೋರಿಸುವ ನಕ್ಷೆಯಲ್ಲಿ, ನಿಮ್ಮ ಜಾಗಕ್ಕೆ ಯಾವ ಬಣ್ಣ ಹಾಕಿದ್ದಾರೆ ನೋಡಿ. ಕೈಗಾರಿಕಾ ವಲಯವಾಗಿದ್ದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನಡಿ ಭೂಬಳಕೆ ಬದಲಾವಣೆಗೆ ಅರ್ಜಿ ಹಾಕಬೇಕು. ಅದಾದ ಮೇಲೆ ಮಹಾನಗರ ಪಾಲಿಕೆಯ ಪರವಾನಗಿ. ಒಳಾಂಗಣಕ್ಕೆ ಲಕ್ಷಗಟ್ಟಲೆ ಸುರಿದು ಆಮೇಲೆ ಭೂಬಳಕೆಗೆ ಓಡಾಡಿದವರನ್ನು ನಾನು ಬಲ್ಲೆ, ಆ ಸಾಲಿಗೆ ಸೇರಬೇಡಿ. ಫ್ಯಾಕ್ಟರಿಯ ಹೈಟೆನ್ಷನ್ ವಿದ್ಯುತ್ ಸಂಪರ್ಕದ ಬಾಕಿ ಏನಾದರೂ ಇದ್ದರೆ ಬೆಸ್ಕಾಂನಲ್ಲಿ ತೀರಿಸಿ, ಮನೆಗಳಿಗೆ ಮತ್ತು ಅಂಗಡಿಗಳಿಗೆ ಬೇರೆ ಬೇರೆ ಮೀಟರಿಗೆ ಅರ್ಜಿ ಕೊಡಿ. ಮನೆಗಳನ್ನು ಬಾಡಿಗೆಗೆ ಕೊಡದೆ ಮಾರುವ ಯೋಚನೆ ಇದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿಯ ಪ್ರಶ್ನೆ ಏಳುತ್ತದೆ. 500 ಚದರ ಮೀಟರ್ ಮೀರಿದ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ಮನೆ ಅದರ ಮಿತಿ. ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ದೊಡ್ಡಪ್ಪನ ಮಕ್ಕಳ ವಾದವನ್ನೂ ತಳ್ಳಿಹಾಕುವಂತಿಲ್ಲ. ಕೆಡವಿ ಮಹಡಿ ಏರಿಸಿದರೆ ಚದರಡಿ ಹೆಚ್ಚು ಸಿಗುವುದು ಖಂಡಿತ. ಡಿಸಿಎಂ ಟೌನ್‌ಶಿಪ್ಪಿನ ಹುಡುಗರಿಗೆ ಡಿಸಿಎಂ ಎಂದರೆ ಉಪಮುಖ್ಯಮಂತ್ರಿಯಲ್ಲ, ದಾವಣಗೆರೆ ಕಾಟನ್ ಮಿಲ್ ಎಂದು ವಿವರಿಸಬೇಕಾದ ಕಾಲ ಇದು. ಹೆಸರು ಉಳಿದರೆ ಸಾಕು ಎನ್ನುವವರೂ ಇದ್ದಾರೆ. ನನ್ನ ಸಲಹೆ ಇಬ್ಬರಿಗೂ ಅರ್ಧರ್ಧ ಸಮಾಧಾನ ಕೊಡುವಂಥದ್ದು. ಹಾಲು, ಪ್ರೆಸ್ ಮನೆ, ಮುಂದಿನ ಮತ್ತು ಹಿಂದಿನ ಗೋದಾಮುಗಳನ್ನು ಉಳಿಸಿ. ಅಂಗಳದ ಒಂದು ಮೂಲೆಯಲ್ಲಿ, ವಾಹನಕ್ಕೆ ಜಾಗ ಬಿಟ್ಟು, ಅವರು ಬಯಸುವ ಹೊಸ ಕಟ್ಟಡ ಏಳಲಿ. ಮೊದಲು ಮುಂದಿನ ಆರು ಅಂಗಡಿಗಳನ್ನು ಸಿದ್ಧಮಾಡಿ ಬಾಡಿಗೆಗೆ ಕೊಡಿ, ಆ ಹಣದಿಂದ ಹಾಲಿನ ಮಾಡು ಮಾಡಿಸಿ, ಮನೆಗಳು ಕೊನೆಗೆ. ಹಣ ಹೋಗುವುದು ಮಾಡಿಗೆ, ಒಳಚರಂಡಿಗೆ, ವಿದ್ಯುತ್ತಿಗೆ; ಗೋಡೆಗಳಿಗೆ ಅಷ್ಟು ಹೋಗುವುದಿಲ್ಲ. ಫ್ಯಾಕ್ಟರಿಗೆ ಕಾಂಪೌಂಡಿನ ಮೂಲೆಯಲ್ಲಿ ಒಂದು ಸಾಲು ಶೌಚಾಲಯ ಸಾಕಿತ್ತು, ಮನೆಗಳಿಗೆ ಒಂದೊಂದಕ್ಕೂ ಬೇಕು. ಎಲ್ಲ ಅಡುಗೆಮನೆ, ಬಚ್ಚಲುಗಳನ್ನು ಒಂದೇ ಗೋಡೆಯ ಉದ್ದಕ್ಕೆ ಇಟ್ಟರೆ ಅಗೆತ ಅರ್ಧ ಉಳಿಯುತ್ತದೆ. ಯಾವ ಅಂದಾಜು ಕೊಟ್ಟರೂ ಅದರ ಮೇಲೆ ಐದನೇ ಒಂದು ಪಾಲು ಬೇರೆ ತೆಗೆದಿಡಿ, ಹಳೆಯ ಕಟ್ಟಡ ಏನನ್ನಾದರೂ ಬಚ್ಚಿಟ್ಟುಕೊಂಡೇ ಇರುತ್ತದೆ.

ಪ್ರೆಸ್ ಯಂತ್ರವನ್ನು ಗುಜರಿಯವರು ಕಿಲೊ ಲೆಕ್ಕದಲ್ಲಿ ಕೇಳುತ್ತಿದ್ದಾರೆ ಎಂದಿದ್ದೀರಿ. 170 ಕಿಲೊ ತೂಕದ ಒಂದೊಂದು ಬೇಲನ್ನು ಒತ್ತಿ ಕಟ್ಟಿದ ಯಂತ್ರ ಅದು, ಅದರ ಕೆಳಗೆ ಆಳವಾದ ಗುಂಡಿಯಿದೆ. ಯಂತ್ರ ಮಾರುವುದು ಬಿಡುವುದು ನಿಮ್ಮಿಷ್ಟ, ಗುಂಡಿಯನ್ನು ಮಾತ್ರ ಮಣ್ಣು ಹಾಕಿ ಮುಚ್ಚಬೇಡಿ. ಪ್ರೆಸ್ ಮನೆಯ ಮೇಲಂತಸ್ತನ್ನು ಕಚೇರಿಯವರ ಸಭಾಕೊಠಡಿಯಾಗಿ ಮಾಡಿದರೆ ಲಿಫ್ಟಿಗೆ ಬೇಕಾದ ಗುಂಡಿ ಆಗಲೇ ಸಿದ್ಧವಿದೆ.

ಬಾವಿ, ತೊಟ್ಟಿ ಎರಡಕ್ಕೂ ಮಾಡಿನ ನೀರನ್ನು ತಿರುಗಿಸಿ. ನಿಮ್ಮ ಹಾಲಿನ ಮಾಡು ಒಂದೇ ಸುಮಾರು 900 ಚದರ ಮೀಟರ್. ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡು, ಐದರಲ್ಲಿ ಒಂದು ಪಾಲು ಸೋರಿ ಆವಿಯಾಗಿ ಹೋದರೂ ನಾಲ್ಕು ಲಕ್ಷ ಲೀಟರಿಗೂ ಹೆಚ್ಚು ನೀರು.

ಮಳೆಯ ಮಾತಿಗೇ ಬಂದೆವು. ಎಂಜಿನಿಯರನ್ನು ಕರೆಸುವ ಮೊದಲು ಒಂದು ಕೆಲಸ ಮಾಡಿ. ಮುಂದಿನ ಜೋರು ಮಳೆ ಬಂದಾಗ ಛತ್ರಿ ಹಿಡಿದು, ಬ್ಯಾಟರಿ ತೆಗೆದುಕೊಂಡು ಹಾಲಿನೊಳಗೆ ಒಂದು ಗಂಟೆ ನಿಲ್ಲಿ. ಹನಿ ಬಿದ್ದ ಕಡೆಯೆಲ್ಲ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ಸಾಧ್ಯವಾದರೆ ದೊಡ್ಡಪ್ಪನ ಮಕ್ಕಳನ್ನೂ ಕರೆದುಕೊಂಡು ಹೋಗಿ. ಆ ಗುರುತುಗಳ ಫೋಟೊ, ಖಾತೆಯ ನಕಲು ಎರಡನ್ನೂ ಕಳುಹಿಸಿ. ಯಾವ ಕತ್ತರಿಯ ತುದಿಯನ್ನು ಮೊದಲು ಕೊರೆದು ನೋಡಬೇಕು ಎಂದು ಅದರಿಂದಲೇ ಹೇಳುತ್ತೇನೆ.